ನೆರಳಿಗೆ ಕೊಟ್ಟ ಬೆರಕೆ ಕೋವಿ

ನಿನ್ನೆ ನೂರಾ ಹನ್ನೊಂದನೇ ಸಲ ಸತ್ತಾಗ ತನಗೆ ದುಃಖವಾಗಲಿಲ್ಲ, ಹಸಿವಾಯಿತು. ಇದೇನು ಒಳ್ಳೆಯ ಲಕ್ಷಣವೇ ಎಂದು ವಿಶಾಖ ತನ್ನಷ್ಟಕ್ಕೆ ಕೇಳಿಕೊಂಡಳು.

ಬಸ್ಸು ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ದಾಟಿ ಹುಲ್ಲುಗಾವಲಿನ ನಡುವಿನ ನೇರ ರಸ್ತೆಗೆ ಬಿದ್ದಿತ್ತು. ಮೊದಲ ಸಲ ಸತ್ತಾಗ ಅವಳಿಗೆ ಎರಡು ದಿನ ಅನ್ನ ಸೇರಿರಲಿಲ್ಲ. ಹತ್ತನೇ ಸಲಕ್ಕೆ ಬರೀ ತಲೆನೋವು. ನಿನ್ನೆಯಾದರೋ ಹಿಮದಲ್ಲಿ ಮೊಣಕಾಲೂರಿ ಕೂತವಳು ಮತ್ತೆ ಏಳದೇ ಹೋದ ಆ ಪುಟವನ್ನು ಓದಿ ಮುಗಿಸಿ, ಸೀದಾ ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟು ಒಗ್ಗರಣೆ ಮಂಡಕ್ಕಿ ತಿಂದಿದ್ದಳು. ಎರಡನೆಯದಕ್ಕೆ ಮೆಣಸಿನಕಾಯಿ ಬಜ್ಜಿಯನ್ನು ಬೇರೆ ಕೇಳಿ ಹಾಕಿಸಿಕೊಂಡಿದ್ದಳು.

ಸಾಯುತ್ತಿದ್ದದ್ದು ನಿಜಕ್ಕೂ ಅವಳಲ್ಲ. ಅವಳ ನೆರಳು.

ಹುಲ್ಲುಗಾವಲಿನ ನಟ್ಟನಡುವೆ, ಕೃಷ್ಣಮೃಗಗಳು ಬೇಲಿಯ ತನಕ ಬಂದು ಮೂಸಿ ಹೋಗುವ ಕಡೆ, ಕಿಟಕಿಯಿಲ್ಲದ ಒಂದು ಕಟ್ಟಡವಿತ್ತು. ಬಾಹ್ಯಾಕಾಶಕ್ಕೆ ಹೋಗಿ ಬರುವ ಯಾತ್ರಿಗಳ ಸುರಕ್ಷತೆಯ ಕೆಲಸ ಅಲ್ಲಿ ನಡೆಯುತ್ತಿತ್ತು. ಅವರನ್ನು ಹೊತ್ತ ಗೂಡು ಸಮುದ್ರದಲ್ಲಿ ಇಳಿಯಬೇಕು. ಆದರೆ ಇಳಿಸುವ ಎಂಜಿನ್ನು ಕೆಲವೇ ನಿಮಿಷ ತಡವಾಗಿ ಉರಿದರೂ ಅದು ಸಾವಿರಾರು ಮೈಲಿ ಆಚೆ, ಉತ್ತರದ ಯಾವುದೋ ಹಿಮದ ಕಾಡಿನಲ್ಲಿ ಬಿದ್ದೀತು. ಹುಡುಕಿಕೊಂಡು ಬರುವವರಿಗೆ ಹತ್ತು ದಿನವಾದರೂ ಬೇಕು. ಆ ಹತ್ತು ದಿನ ಬದುಕಿರಲು ಆಸನದ ಕೆಳಗಿನ ಪೆಟ್ಟಿಗೆಯಲ್ಲಿ ಏನೇನಿರಬೇಕು? ಚಾಕು, ಗಾಳ, ಬೆಂಕಿಕಡ್ಡಿ, ಹೊದಿಕೆ ಎಲ್ಲ ತೀರ್ಮಾನವಾಗಿತ್ತು. ಉಳಿದಿದ್ದದ್ದು ಕೋವಿ ಒಂದೇ.

ಯಾವ ಕೋವಿ ಎಂದು ತಿಳಿಯಲು ಮನುಷ್ಯರನ್ನು ಸಾವಿರ ಸಲ ಹಿಮದ ಕಾಡಿಗೆ ಅಟ್ಟಲು ಆಗುವುದಿಲ್ಲ. ನೆರಳನ್ನು ಅಟ್ಟಬಹುದು.

ಈ ನೆರಳಿನ ಯಂತ್ರ ಡಾ. ವಸುಂಧರಾ ಕಿಣಿಯವರದು. ಒಬ್ಬ ಮನುಷ್ಯ ವರ್ಷಗಟ್ಟಲೆ ತನ್ನ ಬಗ್ಗೆ ತಾನೇ ಬರೆದದ್ದನ್ನು ಉಣಿಸಿದರೆ ಯಂತ್ರ ಅವನ ಹಾಗೆಯೇ ಯೋಚಿಸುವ, ಅವನ ಹಾಗೆಯೇ ಹಿಂಜರಿಯುವ ಒಂದು ನೆರಳನ್ನು ಕಟ್ಟುತ್ತಿತ್ತು. ಯಾತ್ರಿಗಳು ಸೇನೆಯವರು, ಅವರ ಮನಸ್ಸನ್ನು ಯಂತ್ರಕ್ಕೆ ಕೊಡುವಂತಿಲ್ಲ ಎಂದು ನಿಯಮ. ಹಾಗೆ ನೋಡಿದರೆ ತಮ್ಮ ಬಗ್ಗೆ ನಾಲ್ಕು ಸಾಲು ಬರೆದಿಟ್ಟವರೂ ಅವರಲ್ಲಿ ಯಾರೂ ಇರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ ದಾಖಲೆ ಸಹಾಯಕಿಯ ಕೆಲಸದ ಸಂದರ್ಶನಕ್ಕೆ ಬಂದಿದ್ದ ವಿಶಾಖಳನ್ನು ಕಿಣಿ ಮಾತಿಗೆಂದು ಹವ್ಯಾಸ ಕೇಳಿದ್ದರು.

“ಡೈರಿ ಬರೀತೀನಿ” ಎಂದಿದ್ದಳು, ಮೇಜಿಗೆ ಕೇಳಿಸುವಷ್ಟು ದನಿಯಲ್ಲಿ.

“ಎಷ್ಟು ವರ್ಷದಿಂದ?”

“ಹದಿನಾಲ್ಕು.”

“ಒಂದು ದಿನವೂ ಬಿಡದೆ?”

ತಲೆಯಾಡಿಸಿದ್ದಳು. ಕಿಣಿ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ್ದರು, ಹರಾಜಿನಲ್ಲಿ ಅಪರೂಪದ ಗಡಿಯಾರ ಕಂಡವರ ಹಾಗೆ. ಆಗಲ್ಲ ಎನ್ನುವುದು ವಿಶಾಖಳ ನಾಲಿಗೆಗೆ ಬರುವ ಮಾತಲ್ಲ. ಹದಿನಾಲ್ಕು ನೋಟುಪುಸ್ತಕ ಯಂತ್ರದ ಹೊಟ್ಟೆ ಸೇರಿದವು.

ಯಂತ್ರ ಕಾಡನ್ನು ಎಲೆ ಎಲೆಯಾಗಿ ಕಟ್ಟುತ್ತಿರಲಿಲ್ಲ. ಅಷ್ಟು ಶಕ್ತಿ ಅದಕ್ಕಿರಲಿಲ್ಲ. ಚಳಿ ಎಷ್ಟು, ಹಸಿವೆಷ್ಟು, ಕೋವಿಯ ಯಾವ ನಳಿಗೆಯಿಂದ ಎಷ್ಟು ಖರ್ಚಾಯಿತು, ಮೈಗೆ ಏನು ಗಾಯ, ಇಷ್ಟು ಲೆಕ್ಕ ಮಾತ್ರ ಅದರ ಬಳಿ ಇರುತ್ತಿತ್ತು. ಏಕೆ, ಹೇಗೆ ಎನ್ನುವುದನ್ನು ನೆರಳೇ ಪ್ರತಿ ಸಂಜೆ ಡೈರಿಯಾಗಿ ಬರೆಯುತ್ತಿತ್ತು. ಕಾಡಿನ ಹತ್ತು ದಿನ ಹೊರಗಿನ ನಲವತ್ತು ನಿಮಿಷ; ಅದು ಒಂದು ಓಟ. ಒಂದೊಂದು ಕೋವಿಗೂ ನಾಲ್ಕು ನೂರು ಓಟ. ಓಟ ಮುಗಿದಾಗಲೆಲ್ಲ ಬದುಕಿದ ದಿನಗಳಿಗೆ ಅರವತ್ತು ಅಂಕ, ಡೈರಿಯಲ್ಲಿ ಕಂಡ ಧೈರ್ಯಕ್ಕೆ ನಲವತ್ತು.

“ಸಂಖ್ಯೆ ಹೊಟ್ಟೆಯ ಕಥೆ ಹೇಳುತ್ತೆ” ಎನ್ನುತ್ತಿದ್ದರು ಕಿಣಿ. “ಎದೆಯ ಕಥೆಗೆ ಡೈರಿಯೇ ಬೇಕು. ಕಾಡಲ್ಲಿ ಜನ ಹಸಿದು ಸಾಯೋದಕ್ಕಿಂತ ಎದೆಗೆಟ್ಟು ಸಾಯೋದು ಹೆಚ್ಚು.”

ನೆರಳಿನ ಪುಟಗಳನ್ನು ಓದಿ ಸಾರಾಂಶ ಮಾಡುವುದು ವಿಶಾಖಳ ಕೆಲಸ. ಕಣ್ಣಿಗೆ ದಣಿವಾದಾಗ ಅವಳು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಆಗ ಯಂತ್ರ ಓದುತ್ತಿತ್ತು. ವಿಶಾಖಳದೇ ದನಿಯಲ್ಲಿ.

*

ಕೋವಿಗಳು ಇದ್ದದ್ದು ಸುಬೇದಾರ್ ಚೀಯಣ್ಣನವರ ಕೋಣೆಯಲ್ಲಿ. ಕೊಡಗಿನವರು, ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಆಯುಧ ರಿಪೇರಿ ಮಾಡಿದವರು. ಚಿಕ್ಕವರನ್ನೆಲ್ಲ ಅವರು ತಮ್ಮ ಮನೆಮಾತಿನಲ್ಲಿ ‘ಕುಂಞಿ’ ಎಂದೇ ಕರೆಯುತ್ತಿದ್ದರು, ಮಗು ಅನ್ನುವಂತೆ.

ಶುರುವಿನಲ್ಲಿ ಪಟ್ಟಿಯಲ್ಲಿ ಮೂರು ಬಗೆ ಇದ್ದವು. ಬರೀ ರೈಫಲ್ ಒಂದು. ಒಂದೇ ಸಲಕ್ಕೆ ಹಲವು ಸೀಸದ ಕಾಳು ಎರಚುವ ಬರೀ ಚರೆ ಕೋವಿ ಒಂದು. ಮೇಲೆ ಗುಂಡಿನ ನಳಿಗೆ, ಕೆಳಗೆ ಚರೆಯದು, ಹೀಗೆ ಎರಡೂ ಸೇರಿದ್ದು ಒಂದು; ಅದನ್ನು ಚೀಯಣ್ಣ ಬೆರಕೆ ಕೋವಿ ಎನ್ನುತ್ತಿದ್ದರು.

“ನೋಡು ಕುಂಞಿ, ದೂರಕ್ಕೆ ಗುಂಡು, ಹತ್ತಿರಕ್ಕೆ ಚರೆ. ಐವತ್ತು ಹೆಜ್ಜೆ ಆಚೆ ಮೊಲ ಕೂತಿದೆ, ರೈಫಲ್ ಬೇಕು. ಹಕ್ಕಿ ಹಾರ್ತಾ ಉಂಟು, ಒಂದು ಗುಂಡಲ್ಲಿ ಹೊಡೆಯಲಿಕ್ಕೆ ನೀನು ಅರ್ಜುನನ ತಂಗಿಯಾ? ಅದಕ್ಕೆ ಚರೆ. ಇನ್ನು ಕರಡಿ ಹತ್ತು ಹೆಜ್ಜೆಗೆ ಬಂದರೆ ಈ ಸಣ್ಣ ಗುಂಡು ಅದಕ್ಕೆ ಸೊಳ್ಳೆ ಕಚ್ಚಿದ ಹಾಗೆ. ಆಗ ಚರೆ ನಳಿಗೆಯಲ್ಲಿ ದೊಡ್ಡ ತೋಟೆ ಇರಬೇಕು. ಮೇಲಿನ ನಳಿಗೆ ಅನ್ನ ಕೊಡ್ತದೆ, ಕೆಳಗಿನದು ಜೀವ ಕಾಯ್ತದೆ.”

ಮೊದಲ ತಿಂಗಳಲ್ಲೇ ನೆರಳು ಇದನ್ನು ಸಾಬೀತು ಮಾಡಿತ್ತು. ರೈಫಲ್ ಹಿಡಿದಾಗ ಕರಡಿಗೆ ಸಿಕ್ಕಿ, ಚರೆ ಕೋವಿ ಹಿಡಿದಾಗ ಹಸಿದು ಸತ್ತಿತ್ತು. ಬೆರಕೆ ಕೋವಿಯೇ ಸೈ ಎಂದಾಯಿತು. ಆದರೆ ಅದರಲ್ಲೂ ಎರಡು ಮಾದರಿ. ‘ಮೂರು-ಅ’ಗೆ ಒಂದೇ ಟ್ರಿಗರ್, ಹೆಬ್ಬೆರಳ ಬಳಿ ಒಂದು ಸಣ್ಣ ಕೀಲು, ಮೇಲೆ ತಳ್ಳಿದರೆ ರೈಫಲ್, ಕೆಳಗೆ ಎಳೆದರೆ ಚರೆ. ‘ಮೂರು-ಆ’ಗೆ ಒಂದರ ಹಿಂದೊಂದು ಎರಡು ಟ್ರಿಗರ್, ಮುಂದಿನದು ಗುಂಡಿಗೆ, ಹಿಂದಿನದು ಚರೆಗೆ. ಎರಡನೆಯದು ಇನ್ನೂರು ಗ್ರಾಂ ಹೆಚ್ಚು ತೂಕ. ಬಾಹ್ಯಾಕಾಶಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಅಷ್ಟೆಂದರೆ ಅರವತ್ತು ಸಣ್ಣ ಗುಂಡು ಬಿಟ್ಟು ಹೋದಂತೆ.

“ನನ್ನ ಕೇಳಿದರೆ ಎರಡು ಟ್ರಿಗರಿನದೇ” ಎಂದರು ಚೀಯಣ್ಣ. “ಹೆದರಿದಾಗ ಮನುಷ್ಯನಿಗೆ ಬುದ್ಧಿ ಇರುವುದಿಲ್ಲ, ಬೆರಳು ಮಾತ್ರ ಇರ್ತದೆ. ಆದರೆ ನನ್ನನ್ನು ಕೇಳುವವರು ಯಾರು? ನನ್ನ ಹತ್ತಿರ ಅಂಕ ಇಲ್ಲ, ಬರೀ ಮೀಸೆ ಉಂಟು.”

ಅಂಕ ಇದ್ದದ್ದು ನೆರಳಿನ ಬಳಿ. ಮೂರು-ಅ ಎಂಬತ್ತೊಂದು, ಮೂರು-ಆ ಎಪ್ಪತ್ತೇಳು. ಬದುಕಿದ ದಿನಗಳಲ್ಲಿ ಎರಡಕ್ಕೂ ಹೇಳುವಂಥ ಅಂತರವಿರಲಿಲ್ಲ. ಅಂತರವಿದ್ದದ್ದು ಧೈರ್ಯದಲ್ಲಿ. ಮೂರು-ಅ ಹಿಡಿದ ನೆರಳು ಸಾಯುವ ಹೊತ್ತಿನಲ್ಲೂ ಅಲುಗುತ್ತಿರಲಿಲ್ಲ. ಒಂದು ಪುಟವನ್ನಂತೂ ಕಿಣಿ ಎಲ್ಲರಿಗೂ ಓದಿ ಹೇಳಿದ್ದರು:

‘ಆರನೇ ದಿನ. ಬೆಳಗ್ಗೆ ಕಾಡುಕೋಳಿ ಸಿಕ್ಕಿತು. ಉಪ್ಪಿಲ್ಲದಿದ್ದರೂ ರುಚಿಯಾಗಿತ್ತು. ಮಧ್ಯಾಹ್ನ ಕರಡಿ ಬಂದಿತ್ತು, ಹನ್ನೆರಡು ಹೆಜ್ಜೆಗೆ. ಬೇಕೆಂದೇ ಗುಂಡು ಹಾರಿಸಿದೆ, ಸದ್ದಿಗೆ ಬೆದರಲಿ ಎಂದು. ಬಲಗಾಲು ಸ್ವಲ್ಪ ತರಚಿದೆ. ಗಾಳಿ ತಂಪಾಗಿದೆ. ಮನಸ್ಸು ಶಾಂತವಾಗಿದೆ.’

ಅದರ ಕೆಳಗೆ ಯಂತ್ರದ ಲೆಕ್ಕ: ‘ಗುಂಡು ಒಂದು ಖರ್ಚು. ಚರೆ ನಳಿಗೆ ತುಂಬಿದೆ, ಬಳಸಿಲ್ಲ. ಬಲತೊಡೆಯ ರಕ್ತನಾಳ ಹರಿದಿದೆ. ಓಟ ಮುಕ್ತಾಯ.’

“ಕಾಲು ಹರಿದುಹೋಗಿದೆ, ತರಚಿದೆ ಅಂತಾಳೆ!” ಎಂದಿದ್ದರು ಕಿಣಿ, ಕಣ್ಣಲ್ಲಿ ನೀರು ತಂದುಕೊಂಡು. “ಈ ಸಣ್ಣ ಹುಡುಗಿಯೊಳಗೆ ಎಂಥ ಉಕ್ಕಿದೆ ನೋಡಿ.” ಎಲ್ಲರೂ ವಿಶಾಖಳ ಕಡೆ ತಿರುಗಿದ್ದರು. ಅವಳು ಚಪ್ಪಲಿ ನೋಡಿಕೊಂಡಿದ್ದಳು. ಹೊಗಳಿಕೆ ಅವಳಿಗೋ, ಸತ್ತವಳಿಗೋ ಗೊತ್ತಾಗಿರಲಿಲ್ಲ.

ಇತ್ತೀಚೆಗೆ ಪುಟಗಳಲ್ಲಿ ಒಂದು ಹೊಸ ಸಾಲು ಬರತೊಡಗಿತ್ತು. ಯಾವ ಕೋವಿ ಕೊಟ್ಟರೂ, ಯಾವ ಕಾಡಿಗೆ ಬಿಟ್ಟರೂ, ನಾಲ್ಕನೆಯ ಅಥವಾ ಐದನೆಯ ಸಂಜೆ ಆ ಸಾಲು ಬಂದೇ ಬರುತ್ತಿತ್ತು: ‘ಬರೆಯುವಾಗ ಹಿಂದೆ ಯಾರೋ ನಿಂತು ಓದುತ್ತಿರುತ್ತಾರೆ. ತಿರುಗಿದರೆ ಮರಗಳು.’

ಒಂಟಿತನದ ಸಹಜ ಭ್ರಮೆ ಎಂದು ಕಿಣಿ ಷರಾ ಬರೆದರು. ಹೆಡ್‌ಫೋನಿನಲ್ಲಿ ತನ್ನದೇ ದನಿ ಆ ಸಾಲನ್ನು ಓದುವಾಗ, ತೆರೆಯ ಮುಂದೆ ಬಾಗಿ ಕೂತಿದ್ದ ವಿಶಾಖ ಮೆಲ್ಲಗೆ ಬೆನ್ನನ್ನು ಕುರ್ಚಿಗೆ ಆನಿಸಿದಳು. ಓದುತ್ತಿದ್ದವಳು ಅವಳೇ ಅಲ್ಲವೇ.

*

“ಏನಮ್ಮಿ ಅದು, ಹೆಬ್ಬೆರಳ ಹಂಗೆ ತಳ್ತಾ ಕುಂತಿದ್ದೀ?”

ತಾಯಿ ಓಬಳಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೇಳಿದರು. ಊರಿನ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿದ್ದವರು. ಇನ್ನೊಬ್ಬರ ಬೆರಳು ಬೆಂಚಿನ ಕೆಳಗೆ ಏನು ಮಾಡುತ್ತಿದೆ ಎಂದು ನೋಡದೆಯೇ ಹೇಳಬಲ್ಲರು.

ವಿಶಾಖ ಕೈ ನೋಡಿಕೊಂಡಳು. ಬಲಗೈ ಹೆಬ್ಬೆರಳು ತೋರುಬೆರಳಿನ ಗೆಣ್ಣಿನ ಮೇಲೆ ಮೇಲಕ್ಕೆ ಜಾರುತ್ತಿತ್ತು, ಮತ್ತೆ ಮೇಲಕ್ಕೆ, ಮತ್ತೆ ಮೇಲಕ್ಕೆ. ಅಲ್ಲಿ ಏನೋ ಇದ್ದ ಹಾಗೆ.

“ಏನಿಲ್ಲಮ್ಮ. ಕಂಪ್ಯೂಟರ್ ಕೆಲಸ ಅಲ್ವಾ, ಅಭ್ಯಾಸ.”

“ಆಫೀಸಲ್ಲಿ ಎಂಥ ಕೆಲ್ಸಾನೋ ನಿಂದು. ಬಾಯಿ ಬಿಟ್ಟು ಒಂದೂ ಹೇಳಲ್ಲ. ಕೆಳಗಿನ ಓಣಿ ಗಂಗಕ್ಕ ಕೇಳಿದ್ಲು, ನಿನ್ ಮಗಳು ರಾಕೆಟ್ ಬಿಡ್ತಾಳಂತೆ ಹೌದಾ ಅಂತ. ಹೂಂ ಕಣೆ, ಬೆಳಗ್ಗೆ ಒಂದು, ಸಂಜೆ ಒಂದು ಬಿಡ್ತಾಳೆ ಅಂದೆ.”

ವಿಶಾಖ ನಕ್ಕಳು. ಕೋವಿಯ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಇಷ್ಟು ತಿಂಗಳಾದರೂ ಅವಳು ಆ ಕೋವಿಯನ್ನು ಒಂದು ಸಲವೂ ಕೈಯಲ್ಲಿ ಹಿಡಿದಿರಲಿಲ್ಲ. ಹಾಗಿದ್ದರೆ ಹೆಬ್ಬೆರಳಿಗೆ ಆ ಕೀಲಿನ ಜಾಗ ಗೊತ್ತಾದದ್ದು ಎಲ್ಲಿಂದ?

*

ಮರುವಾರ ಸ್ಕ್ವಾಡ್ರನ್ ಲೀಡರ್ ಲವೀನಾ ಪಿಂಟೊ ಬಂದರು. ಮುಂದಿನ ಯಾನದಲ್ಲಿ ಹೋಗುವವರು ಅವರು. ಗೂಡು ದಾರಿ ತಪ್ಪಿದರೆ ಈ ಪೆಟ್ಟಿಗೆಯನ್ನು ಬಿಚ್ಚಬೇಕಾದವರೂ ಅವರೇ. ಮಂಗಳೂರಿನವರು, ದೊಡ್ಡ ನಗು, ಕತ್ತರಿಸಿದ ಕೂದಲು. ಹುಲ್ಲುಗಾವಲಿನ ತುದಿಯ ಗುರಿ ಮೈದಾನದಲ್ಲಿ ಎರಡು ಮಾದರಿಯನ್ನೂ ಹಾರಿಸಿ ನೋಡಿದರು. ಮೂರು-ಅ ಅವರಿಗೆ ಹಿಡಿಸಿತು.

“ಹಗುರ ಉಂಟು, ಚಂದ ಉಂಟು. ಎಂತ ಸುಬೇದಾರ್ರೆ, ಮುಖ ಯಾಕೆ ಹಾಗೆ?”

“ನಿಂತ ಹಲಗೆಗೆ ಹೊಡೆಯಲಿಕ್ಕೆ ಎರಡೂ ಒಳ್ಳೆಯದೇ ಮೇಡಂ.”

ಲವೀನಾ ಟಿಪ್ಪಣಿ ಪುಸ್ತಕ ಹಿಡಿದು ದೂರ ನಿಂತಿದ್ದ ವಿಶಾಖಳ ಕಡೆ ತಿರುಗಿದರು. “ಓ, ನೆರಳಿನ ಒಡತಿ! ಬಾ ಮಾರಾಯ್ತಿ. ನನಗಿಂತ ಹೆಚ್ಚು ನೀನೇ ಇದನ್ನು ಹೊಡೆದದ್ದಲ್ವಾ? ತೋರಿಸು ನೋಡುವಾ.”

“ನಾನಲ್ಲ ಮೇಡಂ, ಅದು…”

“ಖಾಲಿ ತೋಟೆ ಹಾಕಿ ಕೊಡ್ತೇನೆ” ಎಂದರು ಚೀಯಣ್ಣ. “ಹೆದರಬೇಡ ಕುಂಞಿ.”

ಕೋವಿ ಕೈಗೆ ಬಂದಾಗ ಅದರ ತೂಕ ಮೊದಲೇ ಗೊತ್ತಿದ್ದಂತೆ ಭುಜ ತಾನಾಗಿ ಜಾಗ ಕೊಟ್ಟಿತು. ಕೀಲು ಹೆಬ್ಬೆರಳ ಕೆಳಗೇ ಇತ್ತು. ಮನೆಯ ಪಡಸಾಲೆಯಲ್ಲಿ ಇದ್ದ ಜಾಗದಲ್ಲೇ. ಎದುರಿಗೆ ಬಿಸಿಲಿಗೆ ಹುಲ್ಲು ಬಿಳಿಚಿಕೊಂಡಿತ್ತು, ಹಿಮದ ಹಾಗೆ.

“ಕರಡಿ!” ಎಂದು ಲವೀನಾ ಅವಳ ಕಿವಿಯ ಹಿಂದೆಯೇ ಅರಚಿದರು.

ವಿಶಾಖಳ ಹೆಬ್ಬೆರಳು ಜಾರಿತು, ಬೆರಳು ಎಳೆಯಿತು. ಮೇಲಿನ ನಳಿಗೆಯಿಂದ ಟಿಕ್ ಎಂದು ಸಣ್ಣ ಸದ್ದು. ಅದು ರೈಫಲಿನದು.

ಲವೀನಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ, ಹತ್ತು ಹೆಜ್ಜೆಯ ಕರಡಿಗೆ ಮೊಲದ ಗುಂಡು! ಹೋಯ್ತು, ನಿನ್ನ ಕಥೆ ಮುಗೀತು!”

“ಬೇಕೆಂದೇ ಒತ್ತಿದ್ದು” ಎಂದಳು ವಿಶಾಖ. “ಸದ್ದಿಗೆ ಬೆದರಲಿ ಅಂತ.”

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಕೇಳಿಸಿತು. ಹೆಡ್‌ಫೋನಿನಲ್ಲಿ ಕೇಳಿಸುವ ಹಾಗೆಯೇ: ಅದೇ ದನಿ, ಅದೇ ಸಮಾಧಾನ, ಒಂದು ಅಕ್ಷರವೂ ಆಚೀಚೆಯಿಲ್ಲ.

“ಹೌದಾ? ಗಟ್ಟಿಗಿತ್ತಿ ನೀನು” ಎಂದರು ಲವೀನಾ, ನಂಬಿ.

ಚೀಯಣ್ಣ ಮಾತ್ರ ನಗಲಿಲ್ಲ. ಕೋವಿ ವಾಪಸು ತೆಗೆದುಕೊಂಡು, ಅದರ ಮೇಲೆ ಉಳಿದಿದ್ದ ಅವಳ ಕೈಬೆವರನ್ನು ಬಟ್ಟೆಯಿಂದ ಒರೆಸಿದರು.

*

ಮಧ್ಯಾಹ್ನವೆಲ್ಲ ಅವಳು ಮೂರು-ಅ ಪುಟಗಳನ್ನು ಮತ್ತೆ ತೆಗೆದು ಕೂತಳು. ಮೃಗ ಹತ್ತಿರ ಬಂದ ಓಟಗಳು ನಲವತ್ತಮೂರು. ಮೂವತ್ತೊಂದರಲ್ಲಿ ಗುಂಡು ಖರ್ಚಾಗಿತ್ತು, ಚರೆ ನಳಿಗೆ ತುಂಬಿಯೇ ಉಳಿದಿತ್ತು. ಮೂವತ್ತೊಂದರಲ್ಲೂ ಒಂದೇ ಮಾತು, ‘ಬೇಕೆಂದೇ’. ಮೂವತ್ತೊಂದರಲ್ಲೂ ಅದಾದ ಮೇಲೆ ಗಾಳಿ ತಂಪಾಗಿತ್ತು, ಊಟ ರುಚಿಯಾಗಿತ್ತು, ಮನಸ್ಸು ಶಾಂತವಾಗಿತ್ತು.

ಆಮೇಲೆ ಮೂರು-ಆ ತೆಗೆದಳು. ಧೈರ್ಯಕ್ಕೆ ಕಡಿಮೆ ಅಂಕ ಬಂದ ಪುಟಗಳು.

‘ಕರಡಿ ಬಂತು. ಕೈ ನಡುಗುತ್ತಿತ್ತು. ಹಿಂದಿನ ಟ್ರಿಗರ್ ಎಳೆದೆ, ಚರೆ ಹಾರಿತು, ಅದು ಓಡಿತು. ಆಮೇಲೂ ಒಂದು ಗಂಟೆ ಅತ್ತೆ. ನನಗೆ ತುಂಬ ಹೆದರಿಕೆಯಾಯಿತು. ಅಮ್ಮನ ನೆನಪಾಯಿತು.’

ಇಂಥವು ಪುಟ ಪುಟಗಳೇ ಇದ್ದವು. ಅತ್ತೆ, ನಡುಗಿದೆ, ಉಚ್ಚೆ ಹೋಯಿತು. ಯಂತ್ರ ಒಂದೊಂದಕ್ಕೂ ಅಂಕ ಕಳೆದಿತ್ತು. ವಿಶಾಖ ತೆರೆಯನ್ನೇ ನೋಡುತ್ತ ಕೂತಳು. ಗೆದ್ದ ದಿನ ಮಾತ್ರ ಈ ಹುಡುಗಿ ಹೆದರಿಕೆಯನ್ನು ಬರೆಯುತ್ತಾಳೆ. ಸೋತ ದಿನ ಊಟದ ರುಚಿ ಬರೆಯುತ್ತಾಳೆ.

ಓಟ ನಡೆಯುವಾಗ ನೆರಳಿಗೆ ಒಂದೆರಡು ಸಾಲು ಕಳಿಸುವ ಅವಕಾಶವಿತ್ತು. ಅದು ಕಾಡಿನಲ್ಲಿ ಸಿಕ್ಕ ಚೀಟಿಯಾಗಿ ಅದಕ್ಕೆ ಕಾಣುತ್ತಿತ್ತು. ಯಾರೂ ಅದನ್ನು ಬಳಸಿರಲಿಲ್ಲ. ಮೂರು-ಅ ಕೊಟ್ಟು ಒಂದು ಓಟ ಶುರುಮಾಡಿದಳು. ಏಳನೇ ದಿನ ತೋಳಗಳು ಬಂದವು. ಗುಂಡು ಒಂದು ಖರ್ಚು, ಚರೆ ನಳಿಗೆ ತುಂಬಿದೆ. ‘ಬೇಕೆಂದೇ’ ಎನ್ನುವ ಸಾಲು ತೆರೆಯ ಮೇಲೆ ಮೂಡಿದೊಡನೆ ಓಟ ತಡೆದು ಟೈಪಿಸಿದಳು.

‘ನಿಜವಾಗಿ ಬೇಕೆಂದೇ ಒತ್ತಿದೆಯಾ?’

‘ಹೌದು’ ಎಂದು ಬಂತು ಉತ್ತರ. ‘ಊಟ ಆಯಿತು. ಗಾಳಿ ತಂಪಾಗಿದೆ.’

ವಿಶಾಖಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು.

‘ನಾನು ವಿಶಾಖ’ ಎಂದು ಬರೆದಳು.

ಬಹಳ ಹೊತ್ತು ತೆರೆ ಖಾಲಿಯಿತ್ತು. ಯಂತ್ರ ಯಾವತ್ತೂ ಇಷ್ಟು ತಡಮಾಡಿದ್ದಿಲ್ಲ. ಕೊನೆಗೆ ಒಂದೊಂದೇ ಅಕ್ಷರ, ಚಳಿಗೆ ಮರಗಟ್ಟಿದ ಕೈಯಿಂದ ಬರೆದ ಹಾಗೆ, ಮೂಡಿ ಬಂತು.

‘ಹಾಗಾದರೆ ನಿನಗೆ ಗೊತ್ತೇ ಇದೆ.’

*

ಮನೆಗೆ ಬಂದಾಗ ಓಬಳಮ್ಮ ಕನ್ನಡಕ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ವಿಶಾಖಳ ಈ ವರ್ಷದ ನೋಟುಪುಸ್ತಕ. ಮಗಳನ್ನು ಕಂಡು ಸ್ವಲ್ಪವೂ ಗಲಿಬಿಲಿಯಾಗಲಿಲ್ಲ.

“ಇಲ್ಲೇ ಬಿದ್ದಿತ್ತು ಕಣಮ್ಮಿ. ಎತ್ತಿಡೋಣ ಅಂತ ತಗಂಡೆ.”

“ಟ್ರಂಕಿನೊಳಗೆ ಬಿದ್ದಿತ್ತಾ?”

“ಹೂಂ, ಟ್ರಂಕಿನೊಳಗೇ ಬಿದ್ದಿತ್ತು” ಎಂದು ಅವರು ನಕ್ಕರು. “ಇದರಾಗೇನು ಗುಟ್ಟು ಐತೆ ಬಿಡು. ಮೊದ್ಲಿಂದ ನಾನೇ ತಾನೆ ನೋಡಿರೋದು.”

ಅದು ನಿಜ. ಐದನೇ ಕ್ಲಾಸಿನಲ್ಲಿ ತಾಯಿಯೇ ಅವಳಿಗೆ ಟೀಚರು. ಮಕ್ಕಳೆಲ್ಲ ದಿನಾ ಡೈರಿ ಬರೆಯಬೇಕು, ಶನಿವಾರ ಕೆಂಪು ಇಂಕಿನಲ್ಲಿ ತಿದ್ದಿಸಿಕೊಳ್ಳಬೇಕು. ಮೊದಲ ವಾರ ವಿಶಾಖ, ಬಾವಿಕಟ್ಟೆಯ ಹತ್ತಿರ ಹೋದರೆ ತನಗೆ ಕಾಲು ನಡುಗುತ್ತದೆ, ನೀರು ತನ್ನ ಹೆಸರು ಹಿಡಿದು ಕರೆದ ಹಾಗಾಗುತ್ತದೆ ಎಂದು ಬರೆದಿದ್ದಳು. ಎಷ್ಟು ಚೆನ್ನಾಗಿ ಬರೆದಿದ್ದಾಳೆ ನೋಡಿ ಎಂದು ಓಬಳಮ್ಮ ಅದನ್ನು ಇಡೀ ಕ್ಲಾಸಿಗೆ ಓದಿದರು. ಟೀಚರು ಹೊಗಳಿದರು, ಮಕ್ಕಳು ನಕ್ಕರು. ವರ್ಷವಿಡೀ ಅವಳು ಹೋದಲ್ಲೆಲ್ಲ ಯಾರಾದರೊಬ್ಬರು ಬಾವಿಯೊಳಗಿಂದ ಬಂದಂಥ ದನಿ ಮಾಡಿ “ವಿಶಾಖಾ…” ಎನ್ನುತ್ತಿದ್ದರು. ಅದು ಓಬಳಮ್ಮನವರಿಗೆ ಇವತ್ತಿಗೂ ಗೊತ್ತಿಲ್ಲ. ಎರಡನೇ ವಾರದ ಡೈರಿಯಲ್ಲಿ ವಿಶಾಖ ಊಟಕ್ಕೆ ಏನಿತ್ತು ಎಂದು ಬರೆದಳು. ಗಾಳಿ ಹೇಗಿತ್ತು ಎಂದು ಬರೆದಳು.

“ನಿಜ ಹೇಳ್ಲಾ ಅಮ್ಮಿ?” ತಾಯಿ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟರು. “ನಿಮ್ಮಪ್ಪ ಹೋದ ಮೇಲೆ ಈ ಹುಡುಗಿ ಮಾತೇ ಆಡಲ್ವಲ್ಲ, ಒಳಗೇನು ಕೊರಗ್ತೈತೋ ಅಂತ ಜೀವ ಹೊಡ್ಕಂತಿತ್ತು. ಇದನ್ನ ಓದಿದೆ ಅಂದ್ರೆ ಸಮಾಧಾನ. ಎಷ್ಟು ಧೈರ್ಯವಂತೆ ನೀನು. ನಂಗೇ ಇಲ್ಲ ಅಷ್ಟು.”

ವಿಶಾಖ ತಾಯಿಯ ಮುಖ ನೋಡಿದಳು. “ಹಸಿವಾಗ್ತಿದೆ, ಊಟಕ್ಕೆ ಏನಮ್ಮ?” ಎಂದಳು.

*

ಆಯ್ಕೆ ಸಮಿತಿ ಸೇರಿದ್ದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ. ಕಿಣಿ, ಚೀಯಣ್ಣ, ಲವೀನಾ, ಕೇಂದ್ರ ಕಚೇರಿಯಿಂದ ಬಂದ ಇಬ್ಬರು ಅಧಿಕಾರಿಗಳು. ಗೋಡೆಯ ಬದಿಯ ಕುರ್ಚಿಯಲ್ಲಿ, ನಡಾವಳಿ ಬರೆದುಕೊಳ್ಳಲು, ವಿಶಾಖ. ಮೇಜಿನ ಮೇಲೆ ಎರಡೂ ಕೋವಿಗಳು ಹಸಿರು ಬಟ್ಟೆಯ ಮೇಲೆ ಮಲಗಿದ್ದವು.

ಕಿಣಿ ಅಂಕಗಳನ್ನು ವಿವರಿಸಿದರು. ಅಧಿಕಾರಿಗಳಲ್ಲೊಬ್ಬರು ತೂಕ ಕೇಳಿದರು, ಉತ್ತರ ಕೇಳಿ ತಲೆದೂಗಿದರು. ಮೂರು-ಅ, ಅರವತ್ತು ಗುಂಡು ಹೆಚ್ಚುವರಿ. ಇಂದು ಸಹಿಯಾದರೆ ಸೋಮವಾರ ಪೆಟ್ಟಿಗೆಗೆ ಸೀಲು. ಗೂಡಿಗೆ ಏರಿದ ಮೇಲೆ ಬದಲಾಯಿಸುವಂತಿಲ್ಲ.

“ಸುಬೇದಾರ್, ನಿಮ್ಮ ಆಕ್ಷೇಪ ಇನ್ನೂ ಇದೆಯಾ?”

“ಇದೆ ಮೇಡಂ. ಹೆದರಿದವನ ಹೆಬ್ಬೆರಳು ಯಾವ ಕಡೆ ಹೋಗ್ತದೆ ಅಂತ ಅವನಿಗೇ ಗೊತ್ತಿರುವುದಿಲ್ಲ.”

“ನಾಲ್ಕು ನೂರು ಓಟದಲ್ಲಿ ಒಂದು ಸಲವೂ ಕೀಲು ತಪ್ಪಿದ ವರದಿ ಇಲ್ಲ. ಒಂದೂ ಇಲ್ಲ. ಮೃಗ ಎದುರಿಗಿದ್ದಾಗಲೂ ಅವಳು ಆಲೋಚನೆ ಮಾಡಿಯೇ ಗುಂಡು ಆರಿಸಿದ್ದಾಳೆ.”

ಚೀಯಣ್ಣ ಮೀಸೆ ಸವರಿಕೊಂಡರು. ಗೋಡೆಯ ಬದಿ ಕೂತಿದ್ದ ವಿಶಾಖಳ ಕಡೆ ಒಮ್ಮೆ ನೋಡಿದರು, ಅಷ್ಟೇ.

“ನೋಡಿ, ಕಡೆಗೆ ಹಿಡಿಯುವವಳು ನಾನು” ಎಂದರು ಲವೀನಾ. “ಆ ಪುಟ ನಾನೂ ಓದಿದ್ದೇನೆ. ಕಾಲು ಹರಿದರೂ ಗಾಳಿ ತಂಪುಂಟು ಅಂತ ಬರೆದ ಹುಡುಗಿ. ಅವಳಿಗೆ ಈ ಕೋವಿ ಅಷ್ಟು ಧೈರ್ಯ ಕೊಟ್ಟಿದ್ರೆ ನನಗೂ ಕೊಡ್ತದೆ. ನಾನು ಈ ವಿಶಾಖನ ಮೇಲೆ ಭಾರ ಹಾಕಿದ್ದೇನೆ ಮಾರಾಯ್ರೆ. ಕೊಡಿ ಪೆನ್ನು.”

ಪೆನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಲವೀನಾ ಪೆನ್ನಿನ ಟೊಪ್ಪಿಗೆ ತೆಗೆದು ಹಾಳೆಯನ್ನು ಹತ್ತಿರ ಎಳೆದುಕೊಂಡರು. ಅವರ ಕೈಯನ್ನು ವಿಶಾಖ ನೋಡಿದಳು. ಅಗಲವಾದ, ಬೆಚ್ಚಗಿನ, ನಿಜವಾದ ಕೈ. ಆ ಕೈ ಹೋಗುವ ಕಡೆ ಓಟ ತಡೆಯುವ ಗುಂಡಿ ಇರುವುದಿಲ್ಲ. ಸತ್ತರೆ ಎರಡನೇ ಸಲವೂ ಇರುವುದಿಲ್ಲ.

ಹಿಂದೆ ಯಾರೋ ನಿಂತು ಓದುತ್ತಿದ್ದಾರೆ ಅನ್ನಿಸಿತು. ಅವಳು ತಿರುಗಿ ನೋಡಲಿಲ್ಲ. ನಡಾವಳಿ ಪುಸ್ತಕದಲ್ಲಿ ತನ್ನ ಕೈ ಆಗಲೇ ಬರೆಯತೊಡಗಿತ್ತು: ‘ಸಭೆ ಸುಗಮವಾಗಿ ನಡೆಯಿತು.’

ಕುರ್ಚಿ ಹಿಂದಕ್ಕೆ ಸರಿದು ಕಿರ್ ಎಂದಿತು. ಐದೂ ಮುಖಗಳು ಮೇಲೆದ್ದವು. ಎದ್ದು ನಿಂತದ್ದು ತಾನೇ ಎಂದು ವಿಶಾಖಳಿಗೆ ತಡವಾಗಿ ತಿಳಿಯಿತು. ಕಾಲು ಎಲ್ಲರಿಗೂ ಕಾಣುವ ಹಾಗೆ ನಡುಗುತ್ತಿತ್ತು, ಅವಳು ಅದನ್ನು ತಡೆಯಲಿಲ್ಲ.

“ಏನಮ್ಮ?” ಎಂದರು ಕಿಣಿ.

ಲವೀನಾರ ಪೆನ್ನು ಹಾಳೆಯ ಮೇಲೆ ಊರಿಯೇ ಇತ್ತು. ವಿಶಾಖ ಅವರನ್ನೇ ನೋಡಿ, ಮೇಜಿಗಲ್ಲ, ಇಡೀ ಕೋಣೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

“ಮೇಡಂ, ನಾನು ಡೈರೀಲಿ ಸುಳ್ಳು ಬರೀತೀನಿ.”